ಸಹಾಯ ಬೇಕು: ಸೆಕೆಂಡ್ ಹ್ಯಾಂಡ್ ಕಾರು, ಆರ್‌ಸಿಲಿ ಇನ್ನೂ ಲೋನ್ ತೋರಿಸ್ತಿದೆ

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಒಬ್ಬ ಡೀಲರ್ ಹತ್ರ 2018ರ ಸ್ವಿಫ್ಟ್ ನೋಡಿದೀನಿ, ಅಪ್ಪನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು, ಅದಕ್ಕೇ ಅರ್ಜೆಂಟು. ಪರಿಚಯದ ಮೆಕ್ಯಾನಿಕ್‌ಗೆ ತೋರಿಸ್ದೆ, ಇಂಜಿನ್ ತಣ್ಣಗಿದ್ದಾಗ್ಲೇ ಸ್ಟಾರ್ಟ್ ಮಾಡಿ ನೋಡಿ ಚೆನ್ನಾಗಿದೆ ಅಂದ್ರು, ಓಡಿರೋ ಕಿಲೋಮೀಟರೂ ಸರ್ವಿಸ್ ರೆಕಾರ್ಡ್‌ಗೆ ತಾಳೆ ಆಗುತ್ತೆ.

ಆದ್ರೆ ಎಂಪರಿವಾಹನ್ ಆ್ಯಪ್‌ನಲ್ಲಿ (ಗಾಡಿ ದಾಖಲೆ ನೋಡೋ ಸರ್ಕಾರಿ ಆ್ಯಪ್) ನಂಬರ್ ಹಾಕಿದ್ರೆ ಹಳೇ ಓನರ್ ಬ್ಯಾಂಕ್ ಲೋನ್ ಹಾಗೇ ಇದೆ. ಡೀಲರ್‌ನ ಕೇಳಿದ್ರೆ ಲೋನ್ ತೀರಿದೆ, ನೀವು ಪೂರ್ತಿ ದುಡ್ಡು ಕಟ್ಟಿ, ಬ್ಯಾಂಕಿನ ಎನ್‌ಒಸಿ (ಲೋನ್ ಬಾಕಿ ಇಲ್ಲ ಅನ್ನೋ ಪತ್ರ) ಆಮೇಲೆ ಬರುತ್ತೆ ಅಂತಾರೆ. ಓನರ್ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಆಗಿದೆ, ಆರ್‌ಸಿಯಿಂದ ಲೋನ್ ತೆಗೆಸೋ ಫಾರಂ 35 ಮಾತ್ರ ಇಲ್ಲ. ಇಲ್ಲೇ ನಂಗೆ ಭಯ, ಇರೋ ಉಳಿತಾಯ ಎಲ್ಲಾ ಇದಕ್ಕೇ ಹಾಕ್ತಿರೋದು.

ಲೋನ್ ನಿಜವಾಗ್ಲೂ ಕ್ಲೋಸ್ ಆಗಿದೆಯಾ ಅಂತ ದುಡ್ಡು ಕೊಡೋ ಮುಂಚೆ ನಾನು ಹೇಗೆ ಖಚಿತ ಮಾಡ್ಕೊಳ್ಳಲಿ? ಅಡ್ವಾನ್ಸ್ ಮಾತ್ರ ಕೊಟ್ಟು, ಬಾಕಿನ ಆರ್‌ಸಿ ನನ್ನ ಹೆಸರಿಗೆ ಆದ್ಮೇಲೆ ಕೊಡ್ತೀನಿ ಅಂತ ಬರೆಸ್ಕೊಂಡು ಯಾರಾದ್ರೂ ತಗೊಂಡಿದೀರಾ?