ನ್ಯೂಜಿಲೆಂಡ್ ಗುಲಗಂಜಿ ಹುಳ: ಚುಕ್ಕಿ ನೋಡಿ ಗುಂಪು ಮಾಡಿದ್ದೆಲ್ಲಾ ಕಲಸುಮೇಲೋಗರ

ಹುಳಹುಚ್ಚ: ನಮಸ್ಕಾರ ಎಲ್ರಿಗೂ, ಬೇಸಿಗೆ ಪೂರ್ತಿ ಅಲೆದು ಇಲ್ಲಿ ಮೂವತ್ತು ಚಿಲ್ರೆ ಗುಲಗಂಜಿ ಹುಳ ಸೇರ್ಸಿದೀನಿ, ಈ ದ್ವೀಪದ ಮೂಲದ್ದು ಯಾವ್ದು ಹೊರಗಿಂದ ಬಂದಿದ್ದು ಯಾವ್ದು ಅಂತ ಬೇರೆ ಮಾಡ್ಬೇಕು. ಕೆಂಪು ಮೈ ಮೇಲೆ ಕಪ್ಪು ಚುಕ್ಕಿ ಇರೋದೇ ಜಾಸ್ತಿ ಸಿಕ್ಕಿದ್ರಿಂದ ಅದನ್ನೇ ಇಲ್ಲಿಂದು ಅಂತ ಬರ್ಕೊಂಡೆ. ಒಂದಕ್ಕೆ ಚುಕ್ಕಿನೇ ಇಲ್ಲ, ಮಾಸಲು ಹಳದಿ, ಹೊಸ ಜಾತಿ ಏನಾದ್ರೂ ಇರ್ಬಹುದಾ? ಆಮೇಲೆ ಎರಡು ಮಿಲಿಮೀಟರ್ ಕಂದು ಹುಳ ಒಂದಷ್ಟಿದೆ, ಅವು ಗುಲಗಂಜಿ ಹೌದೋ ಅಲ್ವೋ ಅದೂ ಗೊತ್ತಾಗ್ತಿಲ್ಲ.

ಎಲೆಮರೆ: ಜಾಸ್ತಿ ಸಿಕ್ತು ಅಂದ್ರೆ ಅಲ್ಲಿಂದೇ ಅಂತ ಅಲ್ಲ ಸರ್, ತೋಟದಲ್ಲಿ ಹುಡುಕಿದ್ರೆ ಬಂದೋರೇ ಜಾಸ್ತಿ ಕಣ್ಣಿಗೆ ಬೀಳೋದು. ಹನ್ನೊಂದು ಚುಕ್ಕಿದು ಕಾಕ್ಸಿನೆಲ್ಲಾ ಅಂಡೆಸಿಂಪಂಕ್ಟೇಟಾ ಆಗಿದ್ರೆ ಅದನ್ನ 1874ರಲ್ಲಿ ಗಿಡಹೇನು ತಿನ್ನಲಿ ಅಂತ ತಂದು ಬಿಟ್ಟಿದ್ದು. ಹೊರಗಿಂದ ಬಂದ ಇನ್ನೊಂದು ಗುಲಗಂಜಿ ಹುಳ ಹಾರ್ಮೋನಿಯಾ ಆಕ್ಸಿರಿಡಿಸ್, ಅದು ಅಲ್ಲಿ ಸಿಕ್ಕಿದ್ದು 2016ರಲ್ಲಿ, ಅದರ ಚುಕ್ಕಿನಂತೂ ನಂಬ್ಲೇಬೇಡಿ, ಒಂದಕ್ಕೆ ಒಂದೂ ಇರಲ್ಲ ಇನ್ನೊಂದಕ್ಕೆ ಹತ್ತೊಂಬತ್ತು. ಕಾಲು ನೋಡಿ, ಹಾರ್ಮೋನಿಯಾದ್ದು ಕೆಂಗಂದು, ಕಾಕ್ಸಿನೆಲ್ಲಾದ್ದು ಕಪ್ಪು. ನಿಮಗೆ ಬೇಕಿರೋ ಮೂಲದ್ದು ಕಾಕ್ಸಿನೆಲ್ಲಾ ಲಿಯೋನಿನಾ, ಅದು ಉಲ್ಟಾ, ಕಪ್ಪು ಮೈಗೆ ಕಿತ್ತಳೆ ಚುಕ್ಕಿ, ಫ್ಯಾಬ್ರಿಸಿಯಸ್ 1775ರಲ್ಲೇ ಹೆಸರಿಟ್ಟಿದ್ದು.

ಆ ಮಾಸಲು ಹಳದಿದು ಎಲ್ಲಿತ್ತು? ಪಕ್ಕದಲ್ಲಿ ಖಾಲಿ ಕೋಶ ಇತ್ತಾ?

ಹುಳಹುಚ್ಚ: ಹೂಂ ಇತ್ತು, ಎಲೆಗೆ ಅಂಟ್ಕೊಂಡಿತ್ತು, ಹುಳ ಮುಟ್ಟಿದ್ರೆ ಮೆತ್ತಗಿತ್ತು. ತಕ್ಷಣ ಆಲ್ಕೊಹಾಲ್‌ಗೆ ಹಾಕ್ಬಿಟ್ಟೆ.

ಎಲೆಮರೆ: ಅಯ್ಯೋ, ಅದು ಆಗಷ್ಟೇ ಕೋಶ ಒಡ್ಕೊಂಡು ಬಂದಿರೋ ಹುಳ ಮಾರಾಯ್ರೆ, ಸ್ವಲ್ಪ ಹೊತ್ತು ಬಿಟ್ಟಿದ್ರೆ ಬಣ್ಣ ತಾನೇ ಏರ್ತಿತ್ತು. ಮುಂದಿನ ಸಲ ಎಲೆ ಸಮೇತ ಡಬ್ಬಿಯಲ್ಲಿ ಇಟ್ಟು ಮಾರನೇ ದಿನ ನೋಡಿ.

ಸಣ್ಣ ಹುಳಗಳನ್ನ ಮೊದಲು ಆಲ್ಕೊಹಾಲ್‌ನಿಂದ ತೆಗೆದು ಒಣಗ್ಸಿ, ಒದ್ದೆ ಇದ್ರೆ ರೋಮ ಮೈಗಂಟಿ ನುಣುಪು ಅನ್ಸುತ್ತೆ, ನಾನೂ ಹಾಗೇ ಮೋಸ ಹೋಗಿದೀನಿ. ರೈಜೋಬಿಯಸ್ ಅನ್ನೋ ಪುಟ್ಟ ಗುಲಗಂಜಿ ಹುಳಗಳ ಗುಂಪಿನವಕ್ಕೆ ಮೈ ತುಂಬಾ ರೋಮ ಇರುತ್ತೆ. ಗುಲಗಂಜಿ ಹೌದಾ ಅಂತ ನೋಡೋಕೆ ಮಗುಚಿ ಹಾಕಿ ಬಾಯಿ ಹತ್ರ ನೋಡಿ, ಅಲ್ಲಿರೋ ಪುಟ್ಟ ಸ್ಪರ್ಶಾಂಗದ (ತಲೆ ಮೇಲಿನ ಮೀಸೆ ಅಲ್ಲ) ಕೊನೇ ತುಂಡು ಕೊಡಲಿ ಥರ ಅಗಲ ಇರ್ಬೇಕು. ಪಾದದಲ್ಲಿ ಮೂರೇ ಗಿಣ್ಣು ಇರೋ ಹಾಗೆ ಕಾಣುತ್ತೆ, ಇನ್ನೊಂದು ಪುಟ್ಟದು ಒಳಗೆ ಅಡಗಿರುತ್ತೆ. ಈ ಸಣ್ಣವುಗಳ ಜಾತಿ ಖಾತ್ರಿ ಆಗ್ಬೇಕಂದ್ರೆ ಗಂಡಿನ ಜನನಾಂಗ ಬಿಡಿಸಿ ನೋಡ್ಲೇಬೇಕು, ಫೋಟೋದಲ್ಲಿ ಯಾರೂ ಹೇಳಕ್ಕಾಗಲ್ಲ.

ಹುಳಹುಚ್ಚ: ಒಣಗ್ಸಿದೆ ಸರ್, ಒಂಬತ್ತರಲ್ಲಿ ಏಳಕ್ಕೆ ರೋಮ ಎದ್ದು ನಿಂತಿದೆ, ಕೊಡಲಿನೂ ಇದೆ. ಉಳಿದ ಎರಡಕ್ಕೆ ಕೊಡಲಿ ಇಲ್ಲ, ಪಾದದಲ್ಲಿ ನಾಲ್ಕು ಗಿಣ್ಣು ಸಲೀಸಾಗಿ ಎಣಿಸಕ್ಕಾಗ್ತಿದೆ, ಅವನ್ನ ಎಲೆ ತಿನ್ನೋ ಹುಳದ ಡಬ್ಬಿಗೆ ಹಾಕಿದೆ. ಕಪ್ಪು ಮೈ ಕಿತ್ತಳೆ ಚುಕ್ಕಿದು ಒಂದೇ ಒಂದು ಸಿಕ್ತು, ಅದೂ ನಾನು ‘ಗೊತ್ತಿಲ್ಲ’ ಅಂತ ಚೀಟಿ ಅಂಟಿಸಿ ಮೂಲೆಗೆ ತಳ್ಳಿದ್ದು.