ಬರೆದದ್ದಕ್ಕೆ ದುಡ್ಡು ಕೊಡುವ ಪತ್ರಿಕೆಗಳು ಯಾವುವು? ಅನುಭವ ಇದ್ದವರು ಹೇಳಿ

ಚಿತ್ರದುರ್ಗದಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮಗು ಆದ ಮೇಲೆ ಅತಿಥಿ ಉಪನ್ಯಾಸಕಿ ಕೆಲಸ ಬಿಟ್ಟೆ. ಈಗ ಮಧ್ಯಾಹ್ನ ಒಂದೆರಡು ಗಂಟೆ ಬರೆಯೋಕೆ ಸಿಗ್ತಿದೆ. ಎರಡು ಕಥೆ, ಒಂದು ಲಲಿತ ಪ್ರಬಂಧ, ನಮ್ಮ ಕೋಟೆಯ ಹೊಂಡಗಳ ಬಗ್ಗೆ ಒಂದು ಲೇಖನ ಸಿದ್ಧ ಇವೆ. ಸಂಭಾವನೆ ಕೊಡುವ ಪತ್ರಿಕೆ ಯಾವುದು, ಹೇಗೆ ಕಳಿಸೋದು, ದುಡ್ಡಿನ ವಿಷಯ ಬಾಯಿಬಿಟ್ಟು ಕೇಳಬಹುದಾ? ಹೆಸರು ಬಂದರೆ ಸಾಕು ಅನ್ನೋ ಕಾಲ ಮುಗಿದಿದೆ, ದಯವಿಟ್ಟು ನಿಜ ಹೇಳಿ.

ಹುಬ್ಬಳ್ಳಿಯಿಂದ:
ಅಕ್ಕಾರ, ಹೆಸರು ಬೇಕಂದ್ರ ತಗೋರಿ. ಸುಧಾ, ಮಯೂರ ಎರಡೂ ಬೆಂಗಳೂರಿನ ಒಂದ ಮನಿವು. ತರಂಗ, ತುಷಾರ ಮಣಿಪಾಲದವು. ನಮ್ಮೂರ ಲೋಕ ಶಿಕ್ಷಣ ಟ್ರಸ್ಟಿಂದು ಕರ್ಮವೀರ ಮತ್ತ ಕಸ್ತೂರಿ. ಕರ್ಮವೀರ 1921ರಾಗ ಶುರು ಆದದ್ದು, ಕಸ್ತೂರಿ 1956ರಾಗ. ದಿನಪತ್ರಿಕಿಗಳ ಭಾನುವಾರದ ಪುರವಣಿ ಬ್ಯಾರೆ. ದೊಡ್ಡ ಬಳಗದಾಗ ಸಂಭಾವನಾ ಕೊಡೂ ರೂಢಿ ಐತ್ರಿ, ಸಣ್ಣ ಸಾಹಿತ್ಯ ಪತ್ರಿಕಿ ಗೌರವ ಪ್ರತಿ ಕಳಸ್ತಾವು, ಅದಕ್ಕ ಅಷ್ಟ ಶಕ್ತಿ. ರೊಕ್ಕ ನೂರರ ಲೆಕ್ಕದಾಗ ಬರ್ತದ, ಸಾವಿರ ದಾಟಿದ್ರ ಅವತ್ತ ಮನ್ಯಾಗ ಹೋಳಿಗಿ ಮಾಡ್ರಿ. ಇದರಾಗ ಸಂಸಾರ ನಡಿಯೂದಿಲ್ಲ, ಮದ್ಲ ಹೇಳಿಬಿಡ್ತೀನಿ.

ಮೈಸೂರಿನಿಂದ, ಹಿಂದೆ ಪುರವಣಿ ಡೆಸ್ಕಿನಲ್ಲಿದ್ದವ:
ಮೇಡಂ, ಕಥೆಗಳನ್ನು ಸದ್ಯ ಪಕ್ಕಕ್ಕಿಡಿ. ಕನ್ನಡದಲ್ಲಿ ಬರೆಯಲು ಕೂತವರೆಲ್ಲ ಶುರು ಮಾಡುವುದು ಕಥೆ, ಕವಿತೆಯಿಂದ. ಡೆಸ್ಕಿನಲ್ಲಿ ಅವು ತಿಂಗಳುಗಟ್ಟಲೆ ಸರದಿಯಲ್ಲಿರುತ್ತವೆ. ಒಳ್ಳೆಯ ಫೋಟೊ ಇರುವ ನುಡಿಚಿತ್ರಕ್ಕೆ, ಅಂದರೆ ಕಣ್ಣಾರೆ ನೋಡಿ ಬರೆದ ಲೇಖನಕ್ಕೆ, ಮಾತ್ರ ನಮಗೆ ಯಾವಾಗಲೂ ಬರ. ನಿಮಗೆ ಮೊದಲ ಸಂಭಾವನೆ ತರುವುದು ಹೊಂಡದ ಲೇಖನವೇ.

ಆದರೆ "ಐತಿಹಾಸಿಕ ಚಿತ್ರದುರ್ಗದ ಕೋಟೆಯು ಪ್ರವಾಸಿಗರನ್ನು ಕೈಬೀಸಿ ಕರೆಯುತ್ತಿದೆ" ಅಂತ ಇದ್ದರೆ ಎರಡನೇ ಸಾಲು ಯಾರೂ ಓದುವುದಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ ಇಳಿಯುವ ಸಾಲು ಇದೆಯಲ್ಲ, ಈ ಮಳೆಗೆ ಆ ನೀರು ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು? ನೀವು ಅಲ್ಲೇ ಇದ್ದೀರಿ, ಬೆಂಗಳೂರಿನ ಉಪಸಂಪಾದಕನಿಗೆ ಅದು ಗೊತ್ತಾಗುವುದಿಲ್ಲ. ಪೂರ್ತಿ ಲೇಖನ ಬರೆಯುವ ಮೊದಲೇ ನಾಲ್ಕು ಸಾಲಿನ ಮೇಲ್ ಹಾಕಿ:

"ಮಾನ್ಯರೇ, ಚಿತ್ರದುರ್ಗದ ಬೆಟ್ಟದ ಹೊಂಡಗಳಿಂದ ಊರಿನ ಸಂತೆಹೊಂಡದವರೆಗೆ ನೀರಿನ ದಾರಿಯನ್ನು ನಡೆದು ನೋಡಿದ್ದೇನೆ. ಎಲ್ಲೆಲ್ಲಿ ದಾರಿ ಕಟ್ಟಿಕೊಂಡಿದೆ ಎಂಬ ವಿವರ, ನಾನೇ ತೆಗೆದ ಎಂಟು ಫೋಟೊಗಳಿವೆ. 800 ಪದಗಳಲ್ಲಿ ಕೊಡಬಲ್ಲೆ. ನಿಮ್ಮ ಪುರವಣಿಗೆ ಹೊಂದುವುದೇ? ಸಂಭಾವನೆಯ ವಿವರ ತಿಳಿಸಿದರೆ ಅನುಕೂಲ."

ಕೊನೆಯ ವಾಕ್ಯ ಅಳಿಸಬೇಡಿ. ಅದನ್ನು ಕೇಳಿದ್ದಕ್ಕೆ ಲೇಖನ ಬಿಸಾಡಿದವರನ್ನು ನನ್ನ ಸರ್ವಿಸಿನಲ್ಲಿ ನೋಡಿಲ್ಲ. ಮೇಲ್ ಹಾಕುವ ಮುಂಚೆ ಆ ಪತ್ರಿಕೆಯ ಇತ್ತೀಚಿನ ಸಂಚಿಕೆಗಳನ್ನು ಲೈಬ್ರರಿಯಲ್ಲಿ ಕೂತು ನೋಡಿ. ಯಾವ ಅಂಕಣ ಸಿಬ್ಬಂದಿಯದ್ದು, ಯಾವುದಕ್ಕೆ ಹೊರಗಿನವರು ಬರೆಯುತ್ತಾರೆ ಎಂಬುದು ಹೆಸರುಗಳನ್ನು ನೋಡಿದರೇ ತಿಳಿಯುತ್ತದೆ. ಲೇಖನ ಯುನಿಕೋಡ್‌ನಲ್ಲಿರಲಿ, ಫೋಟೊ ಬೇರೆ ಫೈಲಿನಲ್ಲಿ. ವರ್ಡ್ ಫೈಲಿನೊಳಗೆ ಅಂಟಿಸಿ ಕಳಿಸಿದ ಫೋಟೊ ಅಚ್ಚಿಗೆ ಆಗುವುದಿಲ್ಲ.

ಶಿರಸಿಯಿಂದ:
ನಾನು ತೋಟದವ, ಬರವಣಿಗೆ ಪಕ್ಕದ ದುಡಿಮೆ. ಒಂದು ಓಡಾಟಕ್ಕೆ ಒಂದೇ ಲೇಖನ ಅಂದುಕೊಂಡರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ) ಬಗ್ಗೆ ಸುತ್ತಾಡಿದೆ ಅನ್ನಿ: ಹೊಳೆದಂಡೆಯ ಮರಗಳು, ಅನಂತಭಟ್ಟನ ಅಪ್ಪೆಯಂಥ ತಳಿಗಳ ಸಂಗತಿ ವಾರಪತ್ರಿಕೆಗೆ. ಕಸಿ ಕಟ್ಟಿ ತೋಟದಲ್ಲೇ ಬೆಳೆಸಿದವರ ಖರ್ಚು-ಆದಾಯ ಕೃಷಿ ಪುಟಕ್ಕೆ. ಮಿಡಿಯ ಸೊನೆ ಉಳಿಸಿಕೊಂಡು ಉಪ್ಪಿಗೆ ಹಾಕುವ ಬಗೆ ಮಹಿಳಾ ಪತ್ರಿಕೆಗೆ. ಮೂರೂ ಬೇರೆ ಬರಹ, ಹೊಸದಾಗಿ ಬರೆದದ್ದು. ಒಂದನ್ನೇ ತಲೆಬರಹ ಬದಲಿಸಿ ಮೂರು ಕಡೆ ಕಳಿಸಿದರೆ ಮೂರೂ ಬಾಗಿಲು ಮುಚ್ಚುತ್ತವೆ.

ಸಮಯವೂ ಮುಖ್ಯ. ಮಿಡಿ ಪೇಟೆಗೆ ಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ಫೋಟೊ ಹಿಂದಿನ ವರ್ಷವೇ ತೆಗೆದಿಟ್ಟು ಜನವರಿಯಲ್ಲಿ ಲೇಖನ ಕಳಿಸಬೇಕು. ಪುತ್ತೂರಿನ 'ಅಡಿಕೆ ಪತ್ರಿಕೆ' ಓದಿ, 1988ರಿಂದ ಬರುತ್ತಿದೆ, ಕೃಷಿಕರೇ ಬರೆಯುವುದು. ಕೃಷಿ ನುಡಿಚಿತ್ರ ಅಂದರೆ ಏನು ಅಂತ ನಾನು ಕಲಿತದ್ದು ಅಲ್ಲಿ: ಎಷ್ಟು ಗಿಡ, ಎಷ್ಟು ಖರ್ಚು, ಕೊನೆಗೆ ಬೆಳೆಗಾರರ ಫೋನ್ ನಂಬರ್. ವಿಶೇಷಣ ಕಡಿಮೆ.

ಬೆಂಗಳೂರಿನಿಂದ, ವಕೀಲೆ, ಅನುವಾದವೂ ಮಾಡುತ್ತೇನೆ:
ಹಕ್ಕಿನ ಮಾತು ಯಾರೂ ಎತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪತ್ರಿಕೆಯ ಸಂಬಳದ ನೌಕರರು ಬರೆದದ್ದಕ್ಕೆ ಬೇರೆ ನಿಯಮ ಇದೆ. ಹೊರಗಿನಿಂದ ನೀವು ಬರೆದು ಕಳಿಸಿದ ಲೇಖನದ ಮೊದಲ ಒಡೆತನ ನಿಮ್ಮದೇ. ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಆ ಪತ್ರದಲ್ಲಿ ಅವಧಿ ಇಲ್ಲದಿದ್ದರೆ ಐದು ವರ್ಷ ಅಂತ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಅಂತ ಅರ್ಥ. ಹಾಗಾಗಿ ಪ್ರಕಟವಾದ ಪ್ರಬಂಧಗಳನ್ನು ಮುಂದೆ ಪುಸ್ತಕ ಮಾಡಲು ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ, ಬರೆದುಕೊಟ್ಟಿಲ್ಲದಿದ್ದರೆ. ಫೋಟೊಗೆ ಮಾತ್ರ ಹುಷಾರು: ಪತ್ರಿಕೆಯವರೇ ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೊ ಬೇರೆ ಒಪ್ಪಂದ ಇಲ್ಲದಿದ್ದರೆ ಅವರ ಸ್ವತ್ತು. ನೀವಾಗಿಯೇ ತೆಗೆದದ್ದು ನಿಮ್ಮದು.

ತೆರಿಗೆ? 2025ರ ಏಪ್ರಿಲ್‌ನಿಂದ ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಮೊದಲು 30,000 ಇತ್ತು. ಕನ್ನಡ ಬರಹಗಾರರಿಗೆಲ್ಲ ಈ ತಲೆನೋವು ಬರಲಿ ಅಂತ ನನ್ನ ಹಾರೈಕೆ.

ಮಂಗಳೂರಿನಿಂದ:
ದುಡ್ಡು ಬಾರದಿದ್ದರೆ ಏನು ಮಾಡುವುದು ಅಂತ ನಾನು ಹೇಳ್ತೇನೆ ಮಾರಾಯ್ರೆ. ಒಂದು ಮಾಸಪತ್ರಿಕೆ, ಹೆಸರು ಬೇಡ, ಲೇಖನ ಹಾಕಿ ಸುಮ್ಮನೆ ಕೂತಿತು. ಸಂಪಾದಕರಿಗೆ ಫೋನ್ ಮಾಡಿದರೆ "ನೋಡುವಾ" ಅಂತಾರೆ, ಪಾಪ ಅವರ ಕೈಯಲ್ಲಿ ಇಲ್ಲ. ಬಿಡುಗಡೆ ಮಾಡುವುದು ಅಕೌಂಟ್ಸ್‌ನವರು. ಪ್ರಕಟವಾದ ಪುಟದ ಫೋಟೊ, ಸಂಚಿಕೆಯ ದಿನಾಂಕ, ಪುಟಸಂಖ್ಯೆ, ಪಾನ್, ಐಎಫ್‌ಎಸ್‌ಸಿ ಸಮೇತ ಖಾತೆ ವಿವರ ಎಲ್ಲ ಒಂದೇ ಮೇಲ್‌ನಲ್ಲಿ ಅವರಿಗೆ ಹಾಕಿದೆ. ಆಮೇಲೆ ಬಂತು. ಈಗ ಎಲ್ಲ ಲೇಖನದ ಕೆಳಗೂ ಖಾತೆ ವಿವರ ಮೊದಲೇ ಬರೆದೇ ಕಳಿಸುವುದು. ನಾಚಿಕೆ ಎಂಥದ್ದು?

ಹಾಸನದಿಂದ:
ಆಕಾಶವಾಣಿ ಮರೆತಿರಲ್ಲ. ಚಿತ್ರದುರ್ಗದಲ್ಲೇ ಕೇಂದ್ರ ಇದೆ. ಭಾಷಣ, ನಾಟಕಕ್ಕೆ ಕರಾರು ಪತ್ರ ಕೊಟ್ಟು ಸಂಭಾವನೆ ಕೊಡ್ತಾರೆ. ಅದೇ ಹೊಂಡದ ವಿಷಯ ಮಾತಿನ ಧಾಟಿಯಲ್ಲಿ ಬರೆದು ಅಲ್ಲಿಗೂ ಕೊಡಿ.

ಮೈಸೂರಿನವ ಮತ್ತೆ:
ಕಥೆ ಬಿಟ್ಟುಬಿಡಿ ಅಂತಲ್ಲ, ಸ್ಪರ್ಧೆಗಿಡಿ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆ, ಉತ್ಥಾನ ಮಾಸಪತ್ರಿಕೆಯ ಕಥಾಸ್ಪರ್ಧೆ ಇವೆ. ಬಹುಮಾನದ ಮೊತ್ತ ಮಾಮೂಲಿ ಸಂಭಾವನೆಗಿಂತ ಬಹಳ ಹೆಚ್ಚು. ದೀಪಾವಳಿಯದ್ದಕ್ಕೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಪ್ರಕಟಣೆ ಬರುತ್ತದೆ, ಮಳೆಗಾಲದಿಂದಲೇ ಕಣ್ಣಿಟ್ಟಿರಿ. ಪದಮಿತಿ ಮೀರಿದ ಕಥೆ ಎಷ್ಟೇ ಚೆನ್ನಾಗಿದ್ದರೂ ಹೊರಗೆ.

ಚಿತ್ರದುರ್ಗದಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಒಂದೇ ಪ್ರಶ್ನೆ ಉಳೀತು: ಒಂದು ಕಥೆಯನ್ನ ಹೋದ ವರ್ಷ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಅದನ್ನ ಕಳಿಸಬಹುದಾ?

ಮೈಸೂರಿನವ:
ಸ್ಪರ್ಧೆಗೆ ಬೇಡ. "ಎಲ್ಲಿಯೂ ಪ್ರಕಟವಾಗಿರಬಾರದು" ಅಂತ ಇರುತ್ತದೆ, ಸಾಮಾಜಿಕ ಜಾಲತಾಣವೂ ಅದರಲ್ಲಿ ಸೇರಿತು ಅಂತ ಈಗ ಬಿಡಿಸಿಯೇ ಬರೆಯುತ್ತಾರೆ. ಇನ್ನೊಂದು ಕಥೆಯನ್ನು ಎಲ್ಲೂ ಹಾಕದೆ ಇಟ್ಟುಕೊಳ್ಳಿ. ಹೊಂಡದ ಮೇಲ್ ಮಾತ್ರ ಈ ವಾರವೇ ಹೋಗಲಿ, ನೀರು ಇಳಿಯುವ ಮುಂಚೆ ಫೋಟೊ ಬೇಕಲ್ಲ.