ಶೈನಿಂಗ್ ಕ್ಲಿಪ್‌ನಿಂದ ಶುರುವಾದ ವಾದ

ಗುಂಪು: ಹನುಮಂತನಗರ ಮನೆಯವರು

ವಿದ್ಯಾ ಅಕ್ಕ: (ವಿಡಿಯೊ: ದಿ ಶೈನಿಂಗ್, ಬಚ್ಚಲುಮನೆ ಬಾಗಿಲು ಒಡೆಯುವ ಸೀನ್)

ವಿದ್ಯಾ ಅಕ್ಕ: ಪುಸ್ತಕವೇ ಯಾವಾಗಲೂ ಮೇಲು ಅನ್ನುವವರು ಇದನ್ನು ನೋಡಿ. 1977ರ ಸ್ಟೀಫನ್ ಕಿಂಗ್ ಕಾದಂಬರಿಯಲ್ಲಿ ಈ ಕೊಡಲಿಯೇ ಇಲ್ಲ. ಅಲ್ಲಿ ಜ್ಯಾಕ್ ಕೈಯಲ್ಲಿರುವುದು ರೋಕ್ ಅನ್ನುವ ಆಟದ ಮರದ ಸುತ್ತಿಗೆ. 1980ರ ಸಿನಿಮಾದಲ್ಲಿ ನಿರ್ದೇಶಕ ಕುಬ್ರಿಕ್ ಅದನ್ನು ಕೊಡಲಿ ಮಾಡಿದರು. ಇವತ್ತಿಗೂ ಜನಕ್ಕೆ ನೆನಪಿರುವುದು ಆ ಕೊಡಲಿಯೇ. ನನಗೆ ಇದಕ್ಕಿಂತ ಒಳ್ಳೆಯ ಹಾರರ್ ಸಿನಿಮಾ ಇಲ್ಲ.

ನಾನು: ಕೊಡಲಿ ನೆನಪಿರುವುದು ನಿಜ ಅಕ್ಕ. ಆದರೆ ಜ್ಯಾಕ್ ಎಂಥವನು ಅಂತ ಸಿನಿಮಾ ಮಾತ್ರ ನೋಡಿದವರಿಗೆ ಗೊತ್ತಾ? ಪುಸ್ತಕದಲ್ಲಿ ಅವನು ಕುಡಿತ ಬಿಟ್ಟವನು. ಅಮಲಿನಲ್ಲಿ ಒಮ್ಮೆ ಮಗನ ಕೈ ಮುರಿದು, ಅದನ್ನು ಮರೆಯಲಾಗದೆ ಒದ್ದಾಡುವವನು. ವಿದ್ಯಾರ್ಥಿಯೊಬ್ಬನನ್ನು ಹೊಡೆದು ಮೇಷ್ಟರ ಕೆಲಸ ಕಳೆದುಕೊಂಡು, ಇದೊಂದು ಚಳಿಗಾಲ ಈ ಹೋಟೆಲ್ ನೋಡಿಕೊಂಡರೆ ಮತ್ತೆ ಸರಿಹೋಗುತ್ತೇನೆ ಅಂತ ಹೆಂಡತಿ ಮಗುವನ್ನು ಕಟ್ಟಿಕೊಂಡು ಬಂದವನು. ಅವನು ಗೆಲ್ಲಲಿ ಅಂತ ಪುಟಪುಟಕ್ಕೂ ಅನ್ನಿಸುತ್ತದೆ. ಅದಕ್ಕೇ ಅವನು ಸೋಲುವಾಗ ಹೊಟ್ಟೆ ತೊಳಸುತ್ತದೆ. ಸಿನಿಮಾದಲ್ಲಿ ಜ್ಯಾಕ್ ಪಾತ್ರ ಮಾಡಿದ ನಿಕಲ್ಸನ್ ಶುರುವಿನಿಂದಲೇ ಹುಚ್ಚನ ಹಾಗೆ ಕಾಣುತ್ತಾರೆ. ಹುಚ್ಚನಿಗೆ ಹುಚ್ಚು ಹಿಡಿದರೆ ಅದರಲ್ಲಿ ಭಯ ಎಲ್ಲಿದೆ?

ವಿದ್ಯಾ ಅಕ್ಕ: ಭಯ ಆ ಹೋಟೆಲ್‌ನಲ್ಲಿದೆ ಕಣೋ. ಮಗು ಮೂರು ಗಾಲಿ ಸೈಕಲ್ ತುಳಿಯುತ್ತದಲ್ಲ, ಮರದ ನೆಲದ ಮೇಲೆ ಗಡಗಡ, ಕಾರ್ಪೆಟ್ ಬಂದ ತಕ್ಷಣ ಸದ್ದೇ ಇಲ್ಲ, ಮತ್ತೆ ಗಡಗಡ. ಅಷ್ಟೇ. ದೆವ್ವ ಇಲ್ಲ, ರಕ್ತ ಇಲ್ಲ. ನನಗೆ ಅಲ್ಲೇ ಮೈ ಜುಮ್ಮೆಂದಿತ್ತು. ಅದನ್ನು ಯಾವ ಪುಟದಲ್ಲಿ ಬರೆಯುತ್ತೀಯ?

ಪುಟ್ಟಿ: ಮಾಮ, ಆ ಹೋಟೆಲ್‌ನ ದೆವ್ವದ ರೂಮ್ ಪುಸ್ತಕದಲ್ಲಿ 217 ಅಲ್ವಾ? ಸಿನಿಮಾದಲ್ಲಿ ಯಾಕೆ 237?

ನಾನು: ಹೊರಗಿನ ಶಾಟ್‌ಗಳಿಗೆ ಒರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್ ತೋರಿಸಿದ್ದಾರೆ ಪುಟ್ಟಿ. ಸಿನಿಮಾ ನೋಡಿದ ಮೇಲೆ 217ರಲ್ಲಿ ಯಾರೂ ಇಳಿದುಕೊಳ್ಳುವುದಿಲ್ಲ ಅಂತ ಆ ಲಾಡ್ಜ್‌ನವರಿಗೆ ಹೆದರಿಕೆ. ಅದಕ್ಕೆ ಅಲ್ಲಿ ಇಲ್ಲದ ನಂಬರ್ ಹಾಕಿಸಿದರು.

ಚಿಕ್ಕಪ್ಪ: ಮೆಟ್ರೋದಲ್ಲಿದ್ದೇನೆ, ಜಯನಗರ ಇಳಿದು ಬರೆಯುತ್ತೇನೆ. ನನ್ನ ಮಾತು ಕೇಳದೆ ಮುಗಿಸಬೇಡಿ.

ಭಾವ: ನನಗೆ ಈ ಇಂಗ್ಲಿಷ್ ದೆವ್ವಗಳು ಹಿಡಿಸುವುದಿಲ್ಲ. ಆಪ್ತಮಿತ್ರ ನೋಡಿ. ವಿಷ್ಣು ಸರ್, ಸೌಂದರ್ಯ. ಅದರ ಮುಂದೆ ಯಾವುದೂ ಇಲ್ಲ.

ವಿದ್ಯಾ ಅಕ್ಕ: ರೀ, ಅದು ಪುಸ್ತಕದಿಂದ ಬಂದಿದ್ದಲ್ಲ. 1993ರ ಮಲಯಾಳಂ ಸಿನಿಮಾ ಮಣಿಚಿತ್ರತಾಳ್ ರೀಮೇಕ್.

ಭಾವ: ಇರಲಿ. ಒಂದು ಕಥೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದಿದೆ ತಾನೇ? ಇಲ್ಲಿ ನಿಂತಿದೆಯೋ ಇಲ್ಲವೋ ನೋಡಬೇಕು. ನಿಂತಿದೆ.

ದೊಡ್ಡತ್ತೆ: ಸೌಂದರ್ಯ ಹೆಸರು ಹೇಳಬೇಡಿ, ಇವತ್ತಿಗೂ ಸಂಕಟ ಆಗುತ್ತದೆ. 2004ರ ಏಪ್ರಿಲ್‌ನಲ್ಲಿ ಜಕ್ಕೂರಿನಿಂದ ಹೊರಟ ವಿಮಾನ ಬಿದ್ದು ಹೋಗಿಬಿಟ್ಟಳು. ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಥಿಯೇಟರ್‌ನಲ್ಲಿ ನಾಗವಲ್ಲಿ ಆಗಿ ಕಣ್ಣು ಬಿಟ್ಟಾಗ ಹೆದರಿಕೆಗಿಂತ ಅಳು ಬಂತು ನನಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸರೂ ಅಳುತ್ತಿದ್ದರು.

ನಾನು: ಅತ್ತೆ, ನೀವು ಹೇಳಿದ್ದರಲ್ಲೇ ನನ್ನ ವಾದ ಇದೆ. ಹೆದರಿಕೆ ಯಾರ ಮೇಲೆ ಬರುತ್ತದೆ ಅನ್ನುವುದು ಮುಖ್ಯ. ನಮಗೆ ಬೇಕಾದವಳು ಬೇರೆ ಯಾರೋ ಆಗಿಬಿಟ್ಟಾಗ ಆಗುವ ಸಂಕಟ ಇದೆಯಲ್ಲ, ಅದೇ ಭಯ. ಮಲಯಾಳಂನಲ್ಲಿ ಶೋಭನಾ ಮಾಡಿದ ಗಂಗಾಳ ಒಂಟಿತನಕ್ಕೆ, ಅವಳ ಬಾಲ್ಯಕ್ಕೆ ಬೇಕಾದಷ್ಟು ಜಾಗ ಕೊಟ್ಟಿದ್ದಾರೆ. ಡಾಕ್ಟರ್ ಆದ ಮೋಹನ್‌ಲಾಲ್ ಬರುವ ಹೊತ್ತಿಗೆ ಅರ್ಧ ಸಿನಿಮಾ ಆಗಿಹೋಗಿರುತ್ತದೆ. ಕನ್ನಡದಲ್ಲಿ ತೂಕ ಜಾಸ್ತಿ ಹೀರೋ ಕಡೆಗೆ ಹೋಯಿತು, ಒಂದು ದೊಡ್ಡ ಹಾವೂ ಬಂತು. ವಿಷ್ಣು ಸರ್ ಅಂದರೆ ನನಗೂ ಪ್ರಾಣ ಭಾವ, ಅದು ಬೇರೆ ಮಾತು. ಆದರೆ ಆ ಸಿನಿಮಾ ಉಳಿದಿರುವುದು ಸೌಂದರ್ಯ ಗಂಗಾಳನ್ನು ಬಿಟ್ಟುಕೊಡದೆ ಇದ್ದದ್ದರಿಂದ.

ಭಾವ: ಹಾವಿನ ವಿಷಯದಲ್ಲಿ ಒಪ್ಪುತ್ತೇನೆ. ಹೀರೋ ವಿಷಯದಲ್ಲಿ ಇಲ್ಲ.

ಚಿಕ್ಕಪ್ಪ: ಇಳಿದೆ. ವಿದ್ಯಾ, ಶೈನಿಂಗ್ ವಿಷಯದಲ್ಲಿ ನಾನು ಇವನ ಕಡೆ. ಪುಸ್ತಕದ ಕೊನೆ ನೆನಪು ಮಾಡಿಕೋ. ಸುತ್ತಿಗೆ ಹಿಡಿದು ಮಗನ ಎದುರು ನಿಂತಾಗ ಒಂದು ಕ್ಷಣ ಒಳಗಿನ ಅಪ್ಪ ಹೊರಗೆ ಬರುತ್ತಾನೆ. ಓಡಿಹೋಗು, ನಿನ್ನನ್ನು ಎಷ್ಟು ಪ್ರೀತಿಸುತ್ತೇನೆ ಅನ್ನುವುದನ್ನು ಮರೆಯಬೇಡ ಅಂತ ಮಗನಿಗೆ ಹೇಳುತ್ತಾನೆ. ಆಮೇಲೆ ಬಾಯ್ಲರ್ ಸಿಡಿದು ಹೋಟೆಲ್ಲೇ ಸುಟ್ಟುಹೋಗುತ್ತದೆ. ಸಿನಿಮಾದಲ್ಲಿ ಆ ಒಂದು ಕ್ಷಣ ಇಲ್ಲ. ಅವನು ಹಿಮದಲ್ಲಿ ಮರಗಟ್ಟಿ ಸಾಯುತ್ತಾನೆ. ಕಿಂಗ್‌ಗೆ ಆ ಸಿನಿಮಾ ಹಿಡಿಸಲಿಲ್ಲ ಅಂದರೆ ಸುಮ್ನೆ ಅಲ್ಲ. ಅವರೂ ಕುಡಿತದ ಜೊತೆ ಹೋರಾಡಿದವರು, ಜ್ಯಾಕ್‌ನಲ್ಲಿ ಅವರದೇ ರಕ್ತ ಇದೆ.

ವಿದ್ಯಾ ಅಕ್ಕ: ಸರಿ ಚಿಕ್ಕಪ್ಪ, ಹಾಗಾದರೆ ಇದಕ್ಕೆ ಉತ್ತರ ಕೊಡಿ. 1997ರಲ್ಲಿ ಕಿಂಗ್ ತಾವೇ ಸ್ಕ್ರಿಪ್ಟ್ ಬರೆದು ಟಿವಿ ಸರಣಿ ಮಾಡಿಸಿದರು. ಕಥೆ ಹೊಳೆದ ಕೊಲೊರಾಡೊದ ಸ್ಟ್ಯಾನ್ಲಿ ಹೋಟೆಲ್‌ನಲ್ಲೇ ಶೂಟಿಂಗ್. ಸುತ್ತಿಗೆ ಇದೆ, ಬಾಯ್ಲರ್ ಇದೆ, ಅಪ್ಪನ ಪ್ರೀತಿ ಇದೆ. ನಿಮಗೆ ಬೇಕಾದ್ದೆಲ್ಲ ಇದೆ. ಅದರ ಒಂದು ಸೀನ್ ಹೇಳಿ ನೋಡೋಣ. ಒಂದೇ ಒಂದು.

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ಪುಟ್ಟಿ: ಅಮ್ಮ ಗೆದ್ದಳು!

ನಾನು: ಗೆದ್ದಿಲ್ಲ. ಆ ಸರಣಿ ಸಪ್ಪೆ, ಒಪ್ಪುತ್ತೇನೆ. ಪುಸ್ತಕದಲ್ಲಿರುವ ಹೆಡ್ಜ್ ಪ್ರಾಣಿಗಳು, ಅಂದರೆ ಗಿಡವನ್ನು ಕತ್ತರಿಸಿ ಮಾಡಿದ ಸಿಂಹ, ಮೊಲ ಎಲ್ಲ ಓದುವಾಗ ಭಯ ಹುಟ್ಟಿಸುತ್ತವೆ. ತಿರುಗಿ ನೋಡಿದರೆ ನಿಂತಿರುತ್ತವೆ, ಕಣ್ಣು ತೆಗೆದರೆ ಹತ್ತಿರ ಬಂದಿರುತ್ತವೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಅವನ್ನು ಓಡಿಸಿ ತೋರಿಸಿದ ತಕ್ಷಣ ಎಲ್ಲ ಹೋಯಿತು. ಕುಬ್ರಿಕ್ ಅದನ್ನು ಬಿಟ್ಟು ಚಕ್ರವ್ಯೂಹದಂಥ ತೋಟ ಮಾಡಿದ್ದು ಸರಿಯೇ. ನಾನು ಒಂದಕ್ಷರ ಬದಲಿಸಬಾರದು ಅನ್ನುತ್ತಿಲ್ಲ ಅಕ್ಕ. ಬದಲಿಸಲಿ, ಧಾರಾಳವಾಗಿ ಬದಲಿಸಲಿ. ಆದರೆ ಆ ಕಥೆಯಲ್ಲಿ ಯಾರನ್ನು ಕಳೆದುಕೊಳ್ಳುತ್ತೇವೆ ಅನ್ನುವುದನ್ನು ಬದಲಿಸಬಾರದು.

ಚಿಕ್ಕಪ್ಪ: ಇದಕ್ಕೆ ದಿ ಮಿಸ್ಟ್ ಸಾಕ್ಷಿ. ಕಿಂಗ್ ಅವರದೇ 1980ರ ನೀಳ್ಗಥೆ. ಮಂಜು ಕವಿಯುತ್ತದೆ, ಅದರೊಳಗೆ ಏನೇನೋ ಜೀವಿಗಳು, ಜನ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕಥೆಯ ಕೊನೆಯಲ್ಲಿ ಅಪ್ಪ ಮಗ ಕಾರಿನಲ್ಲಿ ಹೋಗುತ್ತಲೇ ಇರುತ್ತಾರೆ, ಎಲ್ಲೋ ಸ್ವಲ್ಪ ಆಸೆ ಉಳಿದಿರುತ್ತದೆ. 2007ರ ಸಿನಿಮಾದಲ್ಲಿ ನಿರ್ದೇಶಕ ಡಾರಾಬಾಂಟ್ ಆ ಕೊನೆಯನ್ನು ಪೂರ್ತಿ ಬದಲಿಸಿದರು. ಪೆಟ್ರೋಲ್ ಮುಗಿಯುತ್ತದೆ. ಕಾರಿನಲ್ಲಿ ಐದು ಜನ, ಪಿಸ್ತೂಲಿನಲ್ಲಿ ನಾಲ್ಕು ಗುಂಡು. ಆ ಜೀವಿಗಳ ಕೈಗೆ ಸಿಕ್ಕಿ ಸಾಯುವುದು ಬೇಡ ಅಂತ ಅಪ್ಪನೇ ಮಗನನ್ನೂ ಉಳಿದ ಮೂವರನ್ನೂ ಕೊಲ್ಲುತ್ತಾನೆ. ತನಗೆ ಗುಂಡಿಲ್ಲ. ಇಳಿದು ಸಾವಿಗೆ ಕಾಯುತ್ತಾನೆ. ಸ್ವಲ್ಪ ಹೊತ್ತಿಗೆ ಮಂಜು ಸರಿಯುತ್ತದೆ, ಸೈನ್ಯ ಬರುತ್ತದೆ. ನಾನು ಆ ರಾತ್ರಿ ಎದ್ದು ಹೋಗಿ ಮಲಗಿದ್ದ ಮಕ್ಕಳನ್ನು ನೋಡಿಕೊಂಡು ಬಂದೆ. ಕಿಂಗ್ ಈ ಬದಲಾವಣೆಯನ್ನು ಮೆಚ್ಚಿಕೊಂಡರು. ಕುಬ್ರಿಕ್ ಬದಲಿಸಿದ್ದನ್ನು ಒಪ್ಪದವರೇ ಇದನ್ನು ಒಪ್ಪಿದರು. ಯಾಕೆ ಹೇಳು?

ವಿದ್ಯಾ ಅಕ್ಕ: ಯಾಕೆಂದರೆ ಇದರಲ್ಲಿ ಅಪ್ಪನ ಪ್ರೀತಿ ಇದೆ ಅನ್ನುತ್ತೀರಿ. ಗೊತ್ತಾಯಿತು. ಆದರೆ ನೀವಿಬ್ಬರೂ ಹಾರರ್ ಅಂದರೆ ಸಂಸಾರದ ಕಥೆ ಅಂತ ಮಾಡಿಬಿಟ್ಟಿರಿ. ರಿಂಗು ತೆಗೆದುಕೊಳ್ಳಿ. ಕೋಜಿ ಸುಜುಕಿ 1991ರಲ್ಲಿ ಬರೆದ ಜಪಾನಿ ಕಾದಂಬರಿ. ಒಂದು ಶಾಪದ ವಿಡಿಯೊ ಟೇಪ್, ನೋಡಿದವರು ಏಳು ದಿನದಲ್ಲಿ ಸಾಯುತ್ತಾರೆ. ಸಡಾಕೋ ಅನ್ನುವ ದೆವ್ವ ಟಿವಿಯೊಳಗಿಂದ ತೆವಳಿಕೊಂಡು ಹೊರಗೆ ಬರುವುದು ಅದರಲ್ಲಿ ಇಲ್ಲವೇ ಇಲ್ಲ. ಅದು ನಿರ್ದೇಶಕ ನಕಾಟಾ ಮಾಡಿದ 1998ರ ಸಿನಿಮಾದ್ದು. ಆ ಒಂದು ಚಿತ್ರ ಸಾಕು, ಅದಕ್ಕೆ ಅಪ್ಪ ಅಮ್ಮ ಬೇಕಿಲ್ಲ.

ನಾನು: ಬೇಕು ಅಕ್ಕ! ಅದೇ ಸಿನಿಮಾದಲ್ಲಿ ಇನ್ನೇನು ಬದಲಿಸಿದರು ನೋಡು. ಕಾದಂಬರಿಯ ವರದಿಗಾರ ಗಂಡಸು. ಸಿನಿಮಾದಲ್ಲಿ ಅವಳು ಒಬ್ಬ ತಾಯಿ, ಮಗನನ್ನು ಒಬ್ಬಳೇ ಸಾಕುವವಳು. ಆ ಟೇಪ್ ಮಗ ನೋಡಿಬಿಟ್ಟಿದ್ದಾನೆ ಅಂತ ಗೊತ್ತಾಗುವ ಸೀನ್‌ನಲ್ಲಿ ನನಗೆ ಎದೆ ಧಸಕ್ಕೆಂದಿತು. ಟೇಪ್ ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದರೆ ಮಾತ್ರ ನೋಡಿದವರು ಬದುಕುತ್ತಾರೆ. ಕೊನೆಗೆ ಮಗನನ್ನು ಉಳಿಸಲು ಯಾರಿಗೆ ಟೇಪ್ ತೋರಿಸಲು ಹೊರಡುತ್ತಾಳೆ? ತನ್ನ ಸ್ವಂತ ಅಪ್ಪನಿಗೆ. ಟಿವಿಯಿಂದ ಬರುವವಳು ಕಣ್ಣು ಮುಚ್ಚಿಕೊಂಡರೆ ಹೋಗುತ್ತಾಳೆ. ಇದು ಹೋಗುವುದಿಲ್ಲ.

ವಿದ್ಯಾ ಅಕ್ಕ: ಕಣ್ಣು ಮುಚ್ಚಿಕೊಂಡರೂ ಹೋಗುವುದಿಲ್ಲ, ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಸ್ಟೆಲ್‌ನಲ್ಲಿ ಅದನ್ನು ನೋಡಿದ ರಾತ್ರಿ ಕಾಮನ್ ರೂಮ್ ಟಿವಿಗೆ ಟವೆಲ್ ಹೊದಿಸಿದ್ದು ನಾವೆಲ್ಲ.

ಪುಟ್ಟಿ: ಡ್ರಾಕುಲಾ ಬಗ್ಗೆ ಯಾರೂ ಹೇಳಲೇ ಇಲ್ಲ. 1897ರ ಪುಸ್ತಕದಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ. ಬಿಸಿಲು ಬಿದ್ದರೆ ಸಾಯುವುದು 1922ರ ನೊಸ್ಫೆರಾಟು ಸಿನಿಮಾದಿಂದ ಬಂದದ್ದು. ಆ ಸಿನಿಮಾದವರು ಅನುಮತಿಯನ್ನೇ ಕೇಳಿರಲಿಲ್ಲ, ಲೇಖಕರ ಹೆಂಡತಿ ಕೋರ್ಟಿಗೆ ಹೋದರು, ಎಲ್ಲ ಪ್ರಿಂಟ್ ನಾಶ ಮಾಡಿ ಅಂತ ತೀರ್ಪು ಬಂತು. ಆದರೂ ಉಳಿದುಕೊಂಡಿತು.

ದೊಡ್ಡತ್ತೆ: ನನಗೆ ಇಷ್ಟವಾದ ಕಥೆ ಒಂದೇ. ಕಾಲೇಜಿನಲ್ಲಿ ಪಾಠವಾಗಿ ಓದಿದ ದಿ ಮಂಕೀಸ್ ಪಾ. ಜೇಕಬ್ಸ್ ಬರೆದದ್ದು, 1902. ಕೋತಿಯ ಒಣಗಿದ ಕೈ, ಮೂರು ವರ. ಇನ್ನೂರು ಪೌಂಡ್ ಬೇಕು ಅಂತ ಅಪ್ಪ ಕೇಳುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತು ಅಷ್ಟೇ ಪರಿಹಾರ ಬರುತ್ತದೆ. ಆಮೇಲೆ ತಾಯಿ ಹಟ ಹಿಡಿದು ಮಗ ವಾಪಸ್ ಬರಲಿ ಅಂತ ಕೇಳಿಸುತ್ತಾಳೆ. ರಾತ್ರಿ ಬಾಗಿಲು ಬಡಿಯುವ ಸದ್ದು. ಅವಳು ಚಿಲಕ ತೆಗೆಯಲು ಓಡುತ್ತಾಳೆ, ಅಪ್ಪ ಕತ್ತಲಲ್ಲಿ ಆ ಕೈ ಹುಡುಕುತ್ತಾನೆ, ಮೂರನೇ ವರ ಕೇಳಿಬಿಡಲು. ನನಗೆ ಆ ತಾಯಿ ಅಂದರೆ ಕರುಳು ಕಿತ್ತು ಬರುತ್ತದೆ. ಹೊರಗೆ ನಿಂತಿರುವುದು ಯಾವ ಸ್ಥಿತಿಯಲ್ಲಿದ್ದರೂ ಅವಳಿಗೆ ಮಗನೇ ಅಲ್ವಾ.

ಚಿಕ್ಕಪ್ಪ: ಅಕ್ಕ, ನೀನು ಬಾಗಿಲು ಅಂದ ತಕ್ಷಣ ನಾಳೆ ಬಾ ನೆನಪಾಯಿತು.

ದೊಡ್ಡತ್ತೆ: ಅಯ್ಯೋ, ನಮ್ಮ ಬಾಗಿಲ ಮೇಲೂ ಬರೆದಿದ್ದೆವಲ್ಲ! ಸೀಮೆಸುಣ್ಣದಲ್ಲಿ.

ಪುಟ್ಟಿ: ಅದು ಸ್ತ್ರೀ ಸಿನಿಮಾದ್ದಲ್ವಾ?

ಚಿಕ್ಕಪ್ಪ: ನಮ್ಮದು ಪುಟ್ಟಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಬಾಗಿಲ ಮೇಲೆ ನಾಳೆ ಬಾ ಅಂತ ಬರೆದಿರುತ್ತಿತ್ತು. ರಾತ್ರಿ ಮೋಹಿನಿ ಬರುತ್ತಾಳೆ, ಬಾಗಿಲು ತೆಗೆದರೆ ಸಾವು, ಬರಹ ಓದಿದರೆ ಹೋಗುತ್ತಾಳೆ, ಮರುದಿನ ಬಂದರೆ ಅದೇ ಬರಹ. 2018ರ ಸ್ತ್ರೀ ಸಿನಿಮಾದವರು ಇದನ್ನು ತೆಗೆದುಕೊಂಡು ಮಧ್ಯಪ್ರದೇಶದ ಚಂದೇರಿಗೆ ಒಯ್ದರು. ನಗಿಸುವ ಸಿನಿಮಾ, ನಾನೂ ನಕ್ಕಿದ್ದೇನೆ. ಆದರೆ ನಮ್ಮನ್ನು ಹೆದರಿಸಿದ್ದನ್ನೇ ಬಿಟ್ಟುಬಿಟ್ಟರು. ಇಲ್ಲಿ ಅವಳು ನಮ್ಮವರ ದನಿಯಲ್ಲಿ ಕರೆಯುತ್ತಿದ್ದಳು. ಅಮ್ಮನ ದನಿಯಲ್ಲಿ ಕರೆಯುತ್ತಾಳೆ ಅಂತ ಹೇಳುತ್ತಿದ್ದರು.

ನಾನು: ನೋಡಿ! ಸಿನಿಮಾದಲ್ಲಿ ಅವಳು ಗಂಡಸರನ್ನು ಎತ್ತಿಕೊಂಡು ಹೋಗಿ ಬಟ್ಟೆ ಬಿಟ್ಟು ಹೋಗುತ್ತಾಳೆ. ಯಾರೋ ದೆವ್ವ, ಯಾರೋ ಗಂಡಸು. ಅಮ್ಮನ ದನಿ ಹೋಯಿತು, ಭಯವೂ ಹೋಯಿತು.

ವಿದ್ಯಾ ಅಕ್ಕ: ಇದಕ್ಕೆ ನಾನು ಜಗಳ ಮಾಡುವುದಿಲ್ಲ. ಆ ಕಥೆ ಇಲ್ಲೇ ಯಾರಾದರೂ ಮಾಡಬೇಕು. ನಾನು ಮಾಡಿದರೆ ದೆವ್ವವನ್ನು ಒಮ್ಮೆಯೂ ತೋರಿಸುವುದಿಲ್ಲ. ಒಂದು ವಠಾರ, ಒಂದೇ ಕೋಣೆಯ ಮನೆ, ಒಂದು ಬಾಗಿಲು. ಕ್ಯಾಮೆರಾ ಹೊರಗೆ ಹೋಗುವುದೇ ಇಲ್ಲ.

ನಾನು: ಅದಕ್ಕೂ ಮೊದಲು ಆ ತಾಯಿಯನ್ನು ತೋರಿಸಬೇಕು. ಅವಳ ದನಿ ನಮಗೆ ಚೆನ್ನಾಗಿ ಗೊತ್ತಾಗಿರಬೇಕು.

ವಿದ್ಯಾ ಅಕ್ಕ: ತೋರಿಸೋಣ. ಗಾರ್ಮೆಂಟ್ಸ್‌ಗೆ ಹೋಗುವವಳು. ಓವರ್‌ಟೈಮ್ ಇದ್ದ ದಿನ ಬರುವುದು ತಡ. ಮನೆಯಲ್ಲಿ ಮಕ್ಕಳಿಬ್ಬರೇ. ಯಾರು ಕರೆದರೂ, ನಾನೇ ಕರೆದರೂ ಬಾಗಿಲು ತೆಗೆಯಬೇಡಿ, ನನ್ನ ಹತ್ತಿರ ಬೀಗದ ಕೈ ಇದೆ ಅಂತ ಅವಳೇ ಹೇಳಿಕೊಟ್ಟು ಹೋಗಿದ್ದಾಳೆ. ರಾತ್ರಿ ಬಾಗಿಲು ಬಡಿಯುತ್ತದೆ. ಬೀಗದ ಕೈ ಎಲ್ಲೋ ಬಿದ್ದುಹೋಯಿತು, ತೆಗಿ ಮಗಾ ಅಂತ ಅವಳದೇ ದನಿ. ಹಿಂದೆ ಯಾರೋ ಬರುತ್ತಿದ್ದಾರೆ, ಬೇಗ ತೆಗಿ ಅನ್ನುತ್ತಾಳೆ. ಮಕ್ಕಳು ತೆಗೆಯುವುದಿಲ್ಲ. ಅಮ್ಮ ಹೇಳಿದ ಮಾತು ಮೀರುವುದಿಲ್ಲ.

ದೊಡ್ಡತ್ತೆ: ಬೇಡ ವಿದ್ಯಾ. ಹೊರಗಿದ್ದವಳು ನಿಜವಾಗಲೂ ಅಮ್ಮನೇ?

ವಿದ್ಯಾ ಅಕ್ಕ: ಹೇಳುವುದಿಲ್ಲ ಅತ್ತೆ. ಬೆಳಗಾಗುವವರೆಗೂ ಹೇಳುವುದಿಲ್ಲ.

ಚಿಕ್ಕಪ್ಪ: ಮಿಸ್ಟ್‌ಗಿಂತ ಕ್ರೂರ ಇದು.

ನಾನು: ಅಕ್ಕ, ನಾನು ಆಗಿನಿಂದ ಹೇಳುತ್ತಿರುವುದು ಇದನ್ನೇ!

ವಿದ್ಯಾ ಅಕ್ಕ: ನೀನು ಹೇಳಿದ್ದು ಆ ತಾಯಿ ಮುಖ್ಯ ಅಂತ. ನಾನು ಹೇಳುತ್ತಿರುವುದು ಆ ಮುಚ್ಚಿದ ಬಾಗಿಲು ಮುಖ್ಯ ಅಂತ. ಭಾನುವಾರ ಅತ್ತೆ ಮನೆಗೆ ಬಾ, ಶೈನಿಂಗ್ ಹಾಕುತ್ತೇನೆ, ಆ ಬಚ್ಚಲುಮನೆ ಸೀನ್‌ನಲ್ಲಿ ಕ್ಯಾಮೆರಾ ಎಷ್ಟು ಹೊತ್ತು ಜ್ಯಾಕ್ ಹೆಂಡತಿ ವೆಂಡಿಯ ಜೊತೆ ಒಳಗೇ ಇರುತ್ತದೆ ನೋಡು, ಆಮೇಲೆ ಮಾತಾಡೋಣ.

ನಾನು: ಬರುತ್ತೇನೆ. ಪುಸ್ತಕವನ್ನೂ ತರುತ್ತೇನೆ. ಕೊನೆಯ ಅಧ್ಯಾಯಗಳನ್ನು ನೀನು ಗಟ್ಟಿಯಾಗಿ ಓದಬೇಕು.